ಕಾಂಕ್ರೀಟ್ ಕಟ್ಟಡಗಳ ಫೋಟೋಗೆ ಫ್ರೇಮ್ ಹಾಕಿಸುವಾಗ: ಬೂದು ಬಣ್ಣ ಬೂದಾಗಿಯೇ ಉಳಿಯಬೇಕಲ್ವಾ?

ಬೂದುಗೋಡೆ:

ಎಲ್ಲರಿಗೂ ನಮಸ್ಕಾರ. ಬಹಳ ದಿನದಿಂದ ಮನಸ್ಸಿನಲ್ಲಿದ್ದ ಕೆಲಸಕ್ಕೆ ಕೊನೆಗೂ ಕೈ ಹಾಕಿದ್ದೇನೆ. ಎರಡನೇ ಮಹಾಯುದ್ಧದ ನಂತರ ಜನರಿಗಾಗಿ ಕಟ್ಟಿದ ಕಾಂಕ್ರೀಟ್ ಕಟ್ಟಡಗಳ ಮೂರು ಫೋಟೋ, ಒಂದೇ ಗೋಡೆಯ ಮೇಲೆ, ಒಂದೇ ಅಳತೆಯಲ್ಲಿ. ಬ್ರೂಟಲಿಸ್ಟ್ ಅಂತ ಕರೆಯುತ್ತಾರಲ್ಲ, ಆ ಬಗೆಯವು. ಮೂರೂ ಕಪ್ಪು ಬಿಳುಪು, 16 ಇಂಚು 20 ಇಂಚಿನ ಪ್ರಿಂಟ್.

ಒಂದು, ಬರ್ಮಿಂಗ್‌ಹ್ಯಾಮ್ ಸೆಂಟ್ರಲ್ ಲೈಬ್ರರಿ. ಜಾನ್ ಮ್ಯಾಡಿನ್ ವಿನ್ಯಾಸ, 1974ರಲ್ಲಿ ತೆರೆದದ್ದು. ಮೆಟ್ಟಿಲು ಮೆಟ್ಟಿಲಾಗಿ ಮೇಲೆ ಹೋದಂತೆ ಅಗಲವಾಗುತ್ತಿದ್ದ ಕಟ್ಟಡ. 2016ರಲ್ಲಿ ಕೆಡವಿಬಿಟ್ಟರು. ಎರಡು, ಬಾಸ್ಟನ್ ಸಿಟಿ ಹಾಲ್. ಮೂರು, ಇಂಗ್ಲೆಂಡಿನ ಪ್ರೆಸ್ಟನ್ ಬಸ್ ನಿಲ್ದಾಣ, 1969ರದ್ದು.

ಈಗ ಎರಡು ತೊಂದರೆ. ಮೊದಲನೆಯದು, ಪ್ರೆಸ್ಟನ್ ಪ್ರಿಂಟ್ ಹಾಳಾಯಿತು. ಫ್ರೇಮ್ ಹಾಕಿದವರು ಮೌಂಟ್ ಬೋರ್ಡ್ (ಚಿತ್ರದ ಸುತ್ತ ಇಡುವ ದಪ್ಪ ರಟ್ಟು) ಇಡದೆ ಪ್ರಿಂಟನ್ನು ನೇರ ಗಾಜಿಗೆ ಒತ್ತಿ ಮುಚ್ಚಿದ್ದರು. ಒಂದು ಮಳೆಗಾಲ ಕಳೆಯಿತು. ನೋಡಿದರೆ ಬಲಗಡೆಯ ಮೂಲೆ ಗಾಜಿಗೆ ಅಂಟಿಕೊಂಡಿದೆ. ಒದ್ದೆಯಾದ ಹಾಗೆ ಹೊಳೆಯುತ್ತದೆ. ಬಿಡಿಸಲು ಕೈ ಬರುತ್ತಿಲ್ಲ.

ಎರಡನೆಯದು ನಿಜವಾದ ಪ್ರಶ್ನೆ. ಲೈಬ್ರರಿಯ ಪ್ರಿಂಟ್ ಬಂದಿದೆ. ಆಕಾಶ ಪೂರ್ತಿ ಕಪ್ಪು. ಕಾಂಕ್ರೀಟ್ ಸುಣ್ಣ ಬಳಿದ ಹಾಗೆ ಬಿಳಿ. ಕಿಟಕಿಗಳೆಲ್ಲ ಬರೀ ಕಪ್ಪು ಪಟ್ಟಿ. ಮೊದಲ ನೋಟಕ್ಕೆ ಬೆರಗಾಗುತ್ತದೆ, ಸುಳ್ಳು ಹೇಳುವುದಿಲ್ಲ. ಆದರೆ ಒಂದು ವಾರ ಮೇಜಿನ ಮೇಲಿಟ್ಟು ನೋಡಿದೆ. ಕಾಂಕ್ರೀಟ್ ಕಾಣಿಸುತ್ತಿಲ್ಲ. ಕಾಗದ ಕತ್ತರಿಸಿ ಮಾಡಿದ ಆಕಾರ ಕಾಣುತ್ತಿದೆ ಅಷ್ಟೇ. ನನಗೆ ಆ ಬೂದು ಬಣ್ಣವೇ ಬೇಕು. ನಾನು ಕೇಳುತ್ತಿರುವುದು ಸರಿಯಾ?

ಕತ್ತಲೆಕೋಣೆ:

ಮೊದಲು ಪ್ರೆಸ್ಟನ್ ವಿಷಯ. ದಯವಿಟ್ಟು ಎಳೆಯಬೇಡಿ. ಬಿಸಿ ಗಾಳಿ ಊದಬೇಡಿ. ಚಾಕು ತೂರಿಸಬೇಡಿ. ಸಿಲ್ವರ್ ಜೆಲಟಿನ್ ಪ್ರಿಂಟ್, ಅಂದರೆ ಕತ್ತಲೆಕೋಣೆಯಲ್ಲಿ ತೊಳೆದು ಮಾಡುವ ಕಪ್ಪು ಬಿಳುಪು ಪ್ರಿಂಟ್, ಅದರ ಮೇಲ್ಪದರ ಜೆಲಟಿನ್. ತೇವ ಕುಡಿದರೆ ಅದು ಉಬ್ಬಿ ಮೆತ್ತಗಾಗುತ್ತದೆ. ಗಾಜಿಗೆ ತಾಗಿಕೊಂಡಿದ್ದರೆ ಒಣಗುವಾಗ ಅಲ್ಲಿಯೇ ಹಿಡಿದುಕೊಳ್ಳುತ್ತದೆ. ಎಳೆದರೆ ಚಿತ್ರ ಗಾಜಿನ ಮೇಲೆ, ಬಿಳಿ ಕಾಗದ ನಿಮ್ಮ ಕೈಯಲ್ಲಿ. ಸಿಲ್ವರ್ ಜೆಲಟಿನ್ ಆಗಿದ್ದರೆ ಸಂರಕ್ಷಣೆ ಕಲಿತವರು ಕೆಲವು ಸಲ ತಣ್ಣೀರಿನಲ್ಲಿ ನೆನೆಸಿ ಬಿಡಿಸುತ್ತಾರೆ. ಇಂಕ್‌ಜೆಟ್ ಆಗಿದ್ದರೆ ನೀರಿನ ಮಾತೇ ಬೇಡ. ಯಾವುದು ಅಂತ ಗೊತ್ತಾಗುವ ತನಕ ಮುಟ್ಟದೆ ಇಡಿ. ಗಾಜು ಸಮೇತವೇ ಒಂದು ಒಳ್ಳೆಯ ಸ್ಕ್ಯಾನ್ ಮಾಡಿಸಿ ಇಟ್ಟುಕೊಳ್ಳಿ.

ಇನ್ನು ಮುಂದೆ ಫ್ರೇಮ್ ಹಾಕಿಸುವಾಗ ಪ್ರಿಂಟ್‌ಗೂ ಗಾಜಿಗೂ ನಡುವೆ ಗಾಳಿ ಇರಲೇಬೇಕು. ಕಿಟಕಿಯ ಹಾಗೆ ಕತ್ತರಿಸಿದ ಮೌಂಟ್ ಬೋರ್ಡ್ ಹಾಕುವುದು ಚಂದಕ್ಕೆ ಮಾತ್ರ ಅಂತ ಜನ ಅಂದುಕೊಂಡಿದ್ದಾರೆ. ಅದರ ಮೊದಲ ಕೆಲಸ ಈ ಜಾಗ ಬಿಡುವುದು. ಮೌಂಟ್ ಇಷ್ಟವಿಲ್ಲದಿದ್ದರೆ ಗಾಜಿನ ಅಂಚಿನ ಒಳಗೆ ತೆಳ್ಳನೆ ಪಟ್ಟಿ ಕೂರಿಸುತ್ತಾರೆ. ಅದೂ ಆಗುತ್ತದೆ.

ಈಗ ಬೂದು. ನೀವು ಕೇಳಿದ್ದು ಪೂರ್ತಿ ಸರಿ. ಕ್ಯಾಮೆರಾದ ಬೆಳಕಿನ ಅಳತೆ 18 ಶೇಕಡಾ ಬೆಳಕು ಮರಳಿಸುವ ಬೂದನ್ನು ನಡುವಿನ ಬಣ್ಣ ಅಂತ ಹಿಡಿಯುವುದು ಹಳೆಯ ರೂಢಿ. ಹೊಸ ಕಾಂಕ್ರೀಟ್ ಅದಕ್ಕಿಂತ ತಿಳಿ. ಹೊಗೆ ಮಳೆ ತಿಂದ ಕಾಂಕ್ರೀಟ್ ಹೆಚ್ಚೂಕಡಿಮೆ ಅದರ ಹತ್ತಿರ. ಅಂದರೆ ಈ ಕಟ್ಟಡಗಳ ಕಥೆಯೆಲ್ಲ ನಡುವಿನ ಬೂದಿನಲ್ಲೇ ನಡೆಯುವುದು. ಆ ನಡುವಿನ ಜಾಗವನ್ನು ಕಿವುಚಿ ಎರಡು ತುದಿಗೆ ತಳ್ಳಿದರೆ ಕಾಂಕ್ರೀಟ್ ಅಚ್ಚಿಗೆ ಬಳಸಿದ ಹಲಗೆಯ ಗೆರೆ, ಕಾಂಕ್ರೀಟ್ ಸುರಿದ ದಿನದ ಗುರುತು, ನೀರು ಇಳಿದ ಕಲೆ ಎಲ್ಲವೂ ಹೋಗುತ್ತವೆ.

ಇನ್ನೊಂದು ಮಾತು. ನೀಲಿ ಆಕಾಶ ಇದ್ದರೆ ಕೆಂಪು ಫಿಲ್ಟರ್ ಅದನ್ನು ಕಪ್ಪಾಗಿಸುತ್ತದೆ. ಮೋಡ ಮುಸುಕಿದ ಆಕಾಶಕ್ಕೆ ಯಾವ ಬಣ್ಣದ ಫಿಲ್ಟರ್ ಹಾಕಿದರೂ ಹಾಗೆ ಕಪ್ಪಾಗುವುದಿಲ್ಲ. ನಿಮ್ಮ ಪ್ರಿಂಟ್‌ನಲ್ಲಿ ಕಟ್ಟಡದ ನೆರಳು ನೆಲದ ಮೇಲೆ ಗಟ್ಟಿಯಾಗಿ ಬಿದ್ದಿದೆಯಾ, ಇಲ್ಲವಾ ನೋಡಿ. ನೆರಳೇ ಇಲ್ಲದೆ ಆಕಾಶ ಮಾತ್ರ ಕಪ್ಪಾಗಿದ್ದರೆ, ಅದು ಹೆಚ್ಚಾಗಿ ಆಮೇಲೆ ಕಂಪ್ಯೂಟರಿನಲ್ಲಿ ಮಾಡಿದ ಕೆಲಸ.

ಬೂದುಗೋಡೆ:

ಈಗಲೇ ಹೋಗಿ ನೋಡಿದೆ. ನೆರಳು ಇಲ್ಲ.

ಸೆಂಟ್ರಿಂಗ್‌ಹಲಗೆ:

ನಾನು ಕಟ್ಟಡ ಕಟ್ಟುವ ಕಡೆಯವನು, ಫೋಟೋ ತೆಗೆಯುವವನಲ್ಲ. ಆದರೂ ಬರೆಯಬೇಕು ಅನ್ನಿಸಿತು. ಯಾಕಂದರೆ ಈ ಫೋಟೋಗಳಲ್ಲಿ ನಾನು ಮೊದಲು ಹುಡುಕುವುದು ಕೆಲಸಗಾರನ ಕೈ.

ಬ್ರೂಟಲಿಸಂ ಅನ್ನುವ ಹೆಸರಿಗೂ ಕ್ರೌರ್ಯಕ್ಕೂ ಸಂಬಂಧ ಜೋಡಿಸುವವರು ಜಾಸ್ತಿ. ಫ್ರೆಂಚ್‌ನಲ್ಲಿ ಬೆತೊಂ ಬ್ರ್ಯುತ್ ಅಂದರೆ ಹಸಿ ಕಾಂಕ್ರೀಟ್, ಗಿಲಾವು ಮಾಡದೆ ಹಾಗೇ ಬಿಟ್ಟದ್ದು. ವಾಸ್ತುಶಿಲ್ಪಿ ಲೆ ಕಾರ್ಬ್ಯುಸಿಯೆ ಫ್ರಾನ್ಸಿನ ಮಾರ್ಸೇ ಪಟ್ಟಣದಲ್ಲಿ ಕಟ್ಟಿ 1952ರಲ್ಲಿ ಮುಗಿಸಿದ ವಸತಿ ಕಟ್ಟಡದಿಂದ ಈ ಮಾತು ಹಬ್ಬಿತು. ಇಂಗ್ಲೆಂಡಿನಲ್ಲಿ ಆಲಿಸನ್ ಮತ್ತು ಪೀಟರ್ ಸ್ಮಿತ್ಸನ್ ಅನ್ನುವ ವಾಸ್ತುಶಿಲ್ಪಿ ದಂಪತಿ ಈ ಹೆಸರು ಹಿಡಿದರು. 1955ರಲ್ಲಿ ವಿಮರ್ಶಕ ರೇನರ್ ಬ್ಯಾನಮ್ ಬರೆದ ಲೇಖನದಿಂದ ಅದು ನೆಲೆ ನಿಂತಿತು.

ಆದರೆ ಗಿಲಾವು ಮಾಡಿಲ್ಲ ಅಂದ ಮಾತ್ರಕ್ಕೆ ಕೆಲಸ ಕಡಿಮೆ ಅಂತಲ್ಲ. ಲಂಡನ್ನಿನ ನ್ಯಾಷನಲ್ ಥಿಯೇಟರ್ ನೋಡಿ. ಡೆನಿಸ್ ಲಸ್ಡನ್ ಅವರದ್ದು, 1976ರಲ್ಲಿ ತೆರೆಯಿತು. ಅಲ್ಲಿ ಸೆಂಟ್ರಿಂಗ್‌ಗೆ ಬಳಸಿದ ಮರದ ಹಲಗೆಯ ನಾರು, ಗಂಟು, ಎರಡು ಹಲಗೆ ಸೇರುವ ಸಂದು ಎಲ್ಲವೂ ಕಾಂಕ್ರೀಟ್ ಮೇಲೆ ಅಚ್ಚಾಗಿ ನಿಂತಿವೆ. ಗಿಲಾವು ಇದ್ದರೆ ತಪ್ಪು ಮುಚ್ಚಬಹುದು. ಅಲ್ಲಿ ಮುಚ್ಚಲು ಏನೂ ಇಲ್ಲ. ಅದೇ ಲಂಡನ್ನಿನ ಬಾರ್ಬಿಕನ್ ವಸತಿ ಸಮೂಹದಲ್ಲಿ ಬೇರೆ ಥರ. ಕಾಂಕ್ರೀಟ್ ಗಟ್ಟಿಯಾದ ಮೇಲೆ ಕೆಲಸಗಾರರು ಮೇಲ್ಮೈಯನ್ನು ಕೈಯಿಂದ ಕುಟ್ಟಿ, ಒಳಗಿನ ಜಲ್ಲಿ ಹೊರಗೆ ಕಾಣುವಂತೆ ಮಾಡಿದರು. ಅಷ್ಟು ದೊಡ್ಡ ಕಟ್ಟಡ ಸಮೂಹ, ಅಷ್ಟು ಗೋಡೆ. ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ವಾಸ್ತುಶಿಲ್ಪಿ ಪಾಲ್ ರುಡಾಲ್ಫ್ ಕಟ್ಟಿದ, 1963ರಲ್ಲಿ ಮುಗಿದ ಕಲೆ ಮತ್ತು ವಾಸ್ತುಶಿಲ್ಪ ಶಾಲೆಯ ಗೋಡೆಗಳಲ್ಲಿ ಉದ್ದುದ್ದ ಏಣುಗಳಿವೆ. ಆ ಏಣುಗಳ ಅಂಚನ್ನೂ ಸುತ್ತಿಗೆಯಲ್ಲಿ ಒಡೆದು ಒರಟು ಮಾಡಿದ್ದಾರೆ.

ಬಾಸ್ಟನ್ ಸಿಟಿ ಹಾಲ್ ಫೋಟೋ ಇದ್ದರೆ ಮೇಲಿನ ಅಂತಸ್ತು, ಕೆಳಗಿನ ಅಂತಸ್ತು ಎರಡನ್ನೂ ಹೋಲಿಸಿ. ಮೇಲೆ ಒಂದೇ ಥರದ ಸಾಲು ಸಾಲು ತುಂಡುಗಳು, ಬೇರೆಡೆ ಎರಕ ಹೊಯ್ದು ತಂದು ಕೂರಿಸಿದ್ದು. ಕೆಳಗಿನ ದಪ್ಪ ಕಂಬಗಳು ಜಾಗದಲ್ಲೇ ಸುರಿದದ್ದು. ಎರಡರ ಬೂದು ಬೇರೆ ಬೇರೆ. ಒಳ್ಳೆಯ ಪ್ರಿಂಟ್ ಅಂದರೆ ಈ ವ್ಯತ್ಯಾಸ ದೂರದಿಂದಲೇ ಗೊತ್ತಾಗಬೇಕು. ನನಗೆ ಅದೇ ಪರೀಕ್ಷೆ.

ಬೆಳಕಿನ ಬಗ್ಗೆ ಒಂದು ಮಾತು. ಗೋಡೆಗೆ ಸವರಿಕೊಂಡು ಹೋಗುವ ಓರೆ ಬಿಸಿಲು ಇದ್ದಾಗ ಹಲಗೆಯ ಗುರುತು ಎದ್ದು ಕಾಣುತ್ತದೆ. ಎದುರಿಗೆ ಬಿಸಿಲು ಬಿದ್ದರೆ ಅದೇ ಗೋಡೆ ಚಪ್ಪಟೆ. ಫೋಟೋ ಆರಿಸುವಾಗ ಇದನ್ನು ನೋಡಿ.

ನೆರಳುಬೆಳಕು:

ಬೂದುಗೋಡೆ ಅವರೇ, ನನ್ನದು ಸ್ವಲ್ಪ ಬೇರೆ ಅಭಿಪ್ರಾಯ. ಗಾಢ ಕಪ್ಪು ಬಿಳುಪನ್ನು ಸುಳ್ಳು ಅನ್ನಬೇಡಿ. ಈ ಕಟ್ಟಡಗಳನ್ನು ನಾವು ಪ್ರೀತಿಸಲು ಕಲಿತದ್ದೇ ಅಂಥ ಫೋಟೋಗಳಿಂದ.

ಫೋಟೋಗ್ರಾಫರ್ ಲ್ಯೂಸಿಯೆನ್ ಅರ್ವೇ ಅವರನ್ನು ನೆನಪು ಮಾಡಿಕೊಳ್ಳಿ. 1949ರಲ್ಲಿ ಮಾರ್ಸೇಗೆ ಹೋಗಿ, ಇನ್ನೂ ಕಟ್ಟುತ್ತಿದ್ದ ಆ ಕಟ್ಟಡದ 650 ಫೋಟೋಗಳನ್ನು ಒಂದೇ ದಿನದಲ್ಲಿ ತೆಗೆದರು. ಅದನ್ನು ನೋಡಿದ ಲೆ ಕಾರ್ಬ್ಯುಸಿಯೆ, ನಿಮಗೆ ವಾಸ್ತುಶಿಲ್ಪಿಯ ಆತ್ಮವಿದೆ ಅಂತ ಪತ್ರ ಬರೆದು ತಮ್ಮ ಜೊತೆ ಕೆಲಸಕ್ಕೆ ಕರೆದರು. ಅರ್ವೇ ಪ್ರಿಂಟ್‌ಗಳಲ್ಲಿ ನೆರಳು ಇದ್ದಿಲಿನಷ್ಟು ಕಪ್ಪು. ಬೇಡದ ಭಾಗವನ್ನು ಕತ್ತರಿಯಿಂದಲೇ ಕತ್ತರಿಸಿ ಹಾಕುತ್ತಿದ್ದರು. ಒಂದು ಮೆಟ್ಟಿಲು, ಒಂದು ಕಂಬದ ಅಂಚು, ಒಂದು ಓರೆ ನೆರಳು. ಅಷ್ಟೇ ಸಾಕು ಅವರಿಗೆ. ಚಂಡೀಗಢದಲ್ಲಿ ತೆಗೆದದ್ದೂ ಹಾಗೆಯೇ. ಅದನ್ನು ಯಾರಾದರೂ ಕಾಂಕ್ರೀಟ್‌ಗೆ ಮಾಡಿದ ಮೋಸ ಅನ್ನುತ್ತಾರಾ?

ಇಡೀ ಕಟ್ಟಡ, ನೇರ ಗೆರೆ, ಮೋಡದ ಬೆಳಕು, ಎಲ್ಲ ಬೂದು. ಹಾಗೆ ತೆಗೆದ ಫೋಟೋ ಕಡತದಲ್ಲಿ ಇಡಲು ಚೆನ್ನ. ಗೋಡೆಯ ಮೇಲಿನ ಚಿತ್ರ ನನ್ನನ್ನು ತಡೆದು ನಿಲ್ಲಿಸಬೇಕು.

ಕತ್ತಲೆಕೋಣೆ:

ಅರ್ವೇ ವಿಷಯದಲ್ಲಿ ನಿಮ್ಮ ಮಾತಿಗೆ ಎದುರಾಡುವುದಿಲ್ಲ. ಅವರ ಪ್ರಿಂಟ್ ಎದುರಿಗೆ ನಾನೂ ತುಂಬಾ ಹೊತ್ತು ನಿಂತಿದ್ದೇನೆ. ಆದರೆ ಆ ನೆರಳು ಎಲ್ಲಿಂದ ಬಂತು? ಮಾರ್ಸೇಯ ಬಿಸಿಲು, ಚಂಡೀಗಢದ ಬಿಸಿಲು. ಚಂಡೀಗಢದ ಸೆಕ್ರೆಟೇರಿಯಟ್, ಹೈಕೋರ್ಟ್, ವಿಧಾನಸಭೆ ಮೂರರಲ್ಲೂ ಕಿಟಕಿಯ ಮುಂದೆ ಆಳವಾದ ಕಾಂಕ್ರೀಟ್ ಗೂಡುಗಳನ್ನು ಮಾಡಿದ್ದೇ ಬಿಸಿಲು ತಡೆಯಲು. ಅಲ್ಲಿ ಕಪ್ಪು ನೆರಳು ಅಂದರೆ ಕಟ್ಟಡ ತನ್ನ ಕೆಲಸ ಮಾಡುತ್ತಿದೆ ಅಂತ ಅರ್ಥ. ಅರ್ವೇ ಅದನ್ನು ಕಂಡು ತೋರಿಸಿದರು.

ಬರ್ಮಿಂಗ್‌ಹ್ಯಾಮ್‌ನಲ್ಲಿ ವರ್ಷದ ಬಹುಪಾಲು ಮೋಡ. ಆ ಕಟ್ಟಡ ಆ ಬೆಳಕಿನಲ್ಲೇ ಬದುಕಿತು. ಮೋಡದ ದಿನ ತೆಗೆದ ಫೋಟೋಗೆ ಮರುಭೂಮಿಯ ಆಕಾಶ ತೊಡಿಸಿದಾಗ ನನಗೆ ಕಸಿವಿಸಿಯಾಗುವುದು ಅದಕ್ಕೇ. ಕಪ್ಪು ಜಾಸ್ತಿಯಾಯಿತು ಅಂತಲ್ಲ, ಆ ಕಪ್ಪು ಆ ಊರಿನದ್ದಲ್ಲ.

ಮೋಡದ ಬೆಳಕು ತಡೆದು ನಿಲ್ಲಿಸುವುದಿಲ್ಲ ಅಂದಿರಿ. ಜರ್ಮನಿಯ ಬರ್ಂಡ್ ಮತ್ತು ಹಿಲ್ಲಾ ಬೆಖರ್ ದಂಪತಿ ನೀರಿನ ತೊಟ್ಟಿ, ಕುಲುಮೆ, ಗಣಿಯ ಗೋಪುರಗಳನ್ನು ದಶಕಗಟ್ಟಲೆ ಮೋಡ ಮುಸುಕಿದ ದಿನಗಳಲ್ಲೇ ತೆಗೆದರು. ನೆರಳಿಲ್ಲ, ಜನರಿಲ್ಲ. ಒಂದೇ ಎತ್ತರ, ಒಂದೇ ದೂರ. ಒಂಬತ್ತೋ ಹನ್ನೆರಡೋ ಫೋಟೋ ಸಾಲಾಗಿ ಜೋಡಿಸಿ ತೂಗುಹಾಕಿದರು. 1990ರಲ್ಲಿ ವೆನಿಸ್ ಬಿನಾಲೆ ಕಲಾ ಪ್ರದರ್ಶನದಲ್ಲಿ ಅವರಿಗೆ ಬಹುಮಾನ ಬಂದದ್ದು ಶಿಲ್ಪ ವಿಭಾಗದಲ್ಲಿ! ಆ ಬೂದು ಫೋಟೋಗಳನ್ನು ನೋಡಿದವರಿಗೆ ಶಿಲ್ಪ ಮುಟ್ಟಿದ ಹಾಗೆ ಅನ್ನಿಸಿತು ಅಂತ ತಾನೇ?

ನೆರಳುಬೆಳಕು:

ಆ ಊರಿನ ಕಪ್ಪಲ್ಲ ಅನ್ನುವ ಮಾತು ಒಪ್ಪಿದೆ. ಹಾಗೆ ಯೋಚಿಸಿರಲಿಲ್ಲ.

ಓದುಗಿ:

ಎಲ್ಲರೂ ಬೆಳಕು, ಬೂದು, ಹಲಗೆ ಅಂತ ಮಾತಾಡುತ್ತಿದ್ದೀರಿ. ಓದಿ ಸಂತೋಷವಾಯಿತು. ಆದರೆ ಒಂದು ಕೇಳಲಾ? ಇವು ಲೈಬ್ರರಿ, ನಗರಸಭೆ, ಬಸ್ ನಿಲ್ದಾಣ. ಈ ಫೋಟೋಗಳಲ್ಲಿ ಜನ ಎಲ್ಲಿ?

ಬರ್ಮಿಂಗ್‌ಹ್ಯಾಮ್‌ನಲ್ಲಿ ಎರಡು ವರ್ಷ ಓದಿದ್ದೇನೆ. ನನ್ನ ಕೋಣೆ ತುಂಬಾ ಚಿಕ್ಕದು, ಚಳಿ. ಹಾಗಾಗಿ ಬೆಳಿಗ್ಗೆಯಿಂದ ಸಂಜೆ ತನಕ ಆ ಲೈಬ್ರರಿಯೇ ನನಗೆ ಮನೆ. ಅದು 8 ಅಂತಸ್ತಿನ ಕಟ್ಟಡ. ಒಳಗೆ ಎಸ್ಕಲೇಟರ್‌ನಲ್ಲಿ ಮೇಲೆ ಹೋಗುತ್ತಿದ್ದರೆ ಒಂದೊಂದು ಅಂತಸ್ತಿಗೂ ಪುಸ್ತಕದ ಕಪಾಟುಗಳ ಸಾಲು. ಕೆಲಸ ಹುಡುಕುವವರು, ವಂಶಾವಳಿ ಹುಡುಕಲು ಬಂದ ವಯಸ್ಸಾದವರು, ಪರೀಕ್ಷೆಗೆ ಓದುವ ಮಕ್ಕಳು. ಯಾರೂ ಯಾರನ್ನೂ ಯಾಕೆ ಬಂದೆ ಅಂತ ಕೇಳುತ್ತಿರಲಿಲ್ಲ. ಮಧ್ಯದಲ್ಲಿ ಅಂಗಳ. ಅದು ಮೊದಲು ಆಕಾಶಕ್ಕೆ ತೆರೆದೇ ಇತ್ತಂತೆ. ನಾನು ಹೋಗುವಷ್ಟರಲ್ಲಿ ಮೇಲೆ ಗಾಜಿನ ಮಾಡು ಹಾಕಿ, ಕೆಳಗೆ ಅಂಗಡಿ ತುಂಬಿದ್ದರು. ಊರಿನ ಈ ಕಡೆಯಿಂದ ಆ ಕಡೆಗೆ ಹೋಗುವವರೆಲ್ಲ ಆ ಅಂಗಳ ದಾಟಿಯೇ ಹೋಗಬೇಕು.

ಇದು ಪುಸ್ತಕ ಸುಡುವ ಜಾಗದ ಹಾಗಿದೆ ಅಂತ ಆಗ ಯುವರಾಜರಾಗಿದ್ದ ಚಾರ್ಲ್ಸ್ ಹೇಳಿದ್ದು ಎಲ್ಲರಿಗೂ ಗೊತ್ತು. ಆ ಮಾತನ್ನೇ ಎಲ್ಲರೂ ಹೇಳುತ್ತಾರೆ. ಒಳಗೆ ಕೂತು ಓದಿದವರನ್ನು ಯಾರೂ ಕೇಳಲಿಲ್ಲ. ಮ್ಯಾಡಿನ್ ಅದಕ್ಕೆ ಹೊಳಪಿನ ಕಲ್ಲು ಹೊದಿಸಬೇಕು ಅಂದುಕೊಂಡಿದ್ದರು, ದುಡ್ಡು ಸಾಲದೆ ಕಾಂಕ್ರೀಟ್ ಆಯಿತು. ಹಣ ಕಮ್ಮಿ ಇದ್ದರೂ ಊರಿಗೆ ಅಷ್ಟು ದೊಡ್ಡ ಲೈಬ್ರರಿ ಬೇಕು ಅಂತ ಹಟ ಹಿಡಿದು ಕಟ್ಟಿದರಲ್ಲ, ನನಗೆ ಅದು ಮುಖ್ಯ.

ಆದ್ದರಿಂದ ಒಬ್ಬರೂ ಇಲ್ಲದ ಫೋಟೋ ನೋಡಿದರೆ ನನಗೆ ಏನೋ ಕೊರತೆ. ಷೆಫೀಲ್ಡ್‌ನ ಪಾರ್ಕ್ ಹಿಲ್ ವಸತಿ ಕಟ್ಟಡವನ್ನು 1961ರ ಸುಮಾರಿಗೆ ರೋಜರ್ ಮೇನ್ ತೆಗೆದ ಫೋಟೋಗಳನ್ನು ನೋಡಿ. ಅಷ್ಟು ಅಗಲದ ಕಾಂಕ್ರೀಟ್ ಜಗಲಿ, ಅದರ ಮೇಲೆ ಮಕ್ಕಳು. ಕಟ್ಟಡ ಎಷ್ಟು ದೊಡ್ಡದು ಅಂತ ಆಗ ಗೊತ್ತಾಗುತ್ತದೆ. ಯಾರಿಗಾಗಿ ದೊಡ್ಡದು ಅಂತಲೂ.

ಸೆಂಟ್ರಿಂಗ್‌ಹಲಗೆ:

ಓದುಗಿ ಮೇಡಂ, ನಿಮ್ಮ ಮಾತು ಓದಿ ಪ್ರೆಸ್ಟನ್ ನೆನಪಾಯಿತು. ಒಂದು ಬದಿಗೆ 40ರಂತೆ ಎರಡೂ ಬದಿ ಸೇರಿ 80 ಡಬಲ್ ಡೆಕ್ಕರ್ ಬಸ್ ನಿಲ್ಲುವ ಜಾಗ. ಮೇಲೆ ಕಾರು ನಿಲ್ಲಿಸುವ ಅಂತಸ್ತುಗಳು. ಅವುಗಳ ಅಂಚು ಮಡಿಚಿದ ಎಲೆಯ ಹಾಗೆ ಮೇಲಕ್ಕೆ ಬಾಗಿದೆ. ಫೋಟೋದಲ್ಲಿ ಎಲ್ಲರೂ ತೋರಿಸುವುದು ಆ ಬಾಗಿದ ಅಂಚಿನ ಸಾಲನ್ನೇ, ಕೆಳಗಿನಿಂದ ಮೇಲಕ್ಕೆ ಕ್ಯಾಮೆರಾ ಹಿಡಿದು. ಕೆಳಗೆ ಬಸ್ಸಿಗೆ ಕಾಯುವವರು ಚೌಕಟ್ಟಿನ ಆಚೆ ಉಳಿಯುತ್ತಾರೆ. ಆದರೆ ಆ ಕಟ್ಟಡ ಇವತ್ತು ಉಳಿದಿರುವುದು ಆ ಜನರಿಂದಲೇ. ಕೆಡವುವುದು ಅಂತ ತೀರ್ಮಾನ ಆಗಿತ್ತು. ಜನ ಬಿಡಲಿಲ್ಲ. 2013ರಲ್ಲಿ ಗ್ರೇಡ್ 2 ರಕ್ಷಿತ ಕಟ್ಟಡ ಅಂತ ಘೋಷಣೆ ಆಯಿತು. ದುರಸ್ತಿ ಮಾಡಿ ಈಗಲೂ ಬಸ್ ನಿಲ್ದಾಣವಾಗಿಯೇ ನಡೆಯುತ್ತಿದೆ.

ಎಲ್ಲದಕ್ಕೂ ಆ ಭಾಗ್ಯ ಬರಲಿಲ್ಲ. ಇಂಗ್ಲೆಂಡಿನ ಪೋರ್ಟ್ಸ್‌ಮತ್‌ನ ಟ್ರೈಕಾರ್ನ್ ಅಂಗಡಿ ಸಂಕೀರ್ಣ 2004ರಲ್ಲಿ ಹೋಯಿತು. ಜರ್ಮನಿಯ ಫ್ರಾಂಕ್‌ಫರ್ಟ್ ನಗರಾಡಳಿತದ ಕಚೇರಿ ಟೆಕ್ನಿಷೆಸ್ ರಾಟ್‌ಹೌಸ್ 2010ರಲ್ಲಿ ಹೋಯಿತು. ಆ ಜಾಗದಲ್ಲಿ ಯುದ್ಧಕ್ಕಿಂತ ಹಿಂದಿನ ಹಳೇ ಪೇಟೆಯನ್ನು ಮತ್ತೆ ಕಟ್ಟಿದ್ದಾರೆ. ನ್ಯೂಯಾರ್ಕ್ ರಾಜ್ಯದ ಗೋಷನ್‌ನಲ್ಲಿ ರುಡಾಲ್ಫ್ ಕಟ್ಟಿದ ಸರ್ಕಾರಿ ಕಚೇರಿಯ ಒಂದು ಭಾಗವನ್ನು 2015ರಲ್ಲಿ ಒಡೆದರು. ಹೋದ ಕಟ್ಟಡಗಳ ವಿಷಯದಲ್ಲಿ ಪ್ರಿಂಟ್ ಮಾಡುವವರ ಮೇಲೆ ಜವಾಬ್ದಾರಿ ಜಾಸ್ತಿ ಅನ್ನುವುದು ನನ್ನ ಗಟ್ಟಿ ನಂಬಿಕೆ. ಹೋಗಿ ಗೋಡೆ ಮುಟ್ಟಿ ನೋಡೋಣ ಅಂದರೆ ಗೋಡೆ ಇಲ್ಲ. ಆ ಬೂದು ಹೇಗಿತ್ತು ಅಂತ ಹೇಳಲು ಕಾಗದ ಮಾತ್ರ ಉಳಿದಿದೆ.

ಹಳೇಪ್ರಿಂಟ್:

ಸಂಗ್ರಹ ಮಾಡುವವನಾಗಿ ಕೆಲವು ಮಾತು.

ಹಳೆಯ ಪ್ರಿಂಟ್ ಕೊಳ್ಳುವುದಾದರೆ ಮೊದಲು ಹಿಂಬದಿ ನೋಡಿ. ಪತ್ರಿಕೆಗಳಿಂದ ಹೊರಬಂದ ಪ್ರಿಂಟ್‌ಗಳ ಹಿಂದೆ ಮುದ್ರೆ, ತಾರೀಕು, ಅಂಟಿಸಿದ ಚೀಟಿ, ಎಷ್ಟು ಕತ್ತರಿಸಬೇಕು ಅಂತ ಪೆನ್ಸಿಲ್ ಗುರುತು ಎಲ್ಲ ಇರುತ್ತವೆ. ಫ್ರೇಮ್ ಹಾಕಿಸುವಾಗ ಅದನ್ನು ಮುಚ್ಚಿ ಅಂಟಿಸಿಬಿಟ್ಟರೆ ಅರ್ಧ ಇತಿಹಾಸ ಹೋಯಿತು. ವಿಂಟೇಜ್ ಪ್ರಿಂಟ್ ಅಂದರೆ ಫೋಟೋ ತೆಗೆದ ಕೆಲವೇ ವರ್ಷಗಳಲ್ಲಿ ಮಾಡಿದ್ದು. ಅದೇ ನೆಗೆಟಿವ್‌ನಿಂದ ಮೂವತ್ತು ವರ್ಷ ಬಿಟ್ಟು ಮಾಡಿದ್ದು ಆಮೇಲಿನ ಪ್ರಿಂಟ್. ಎರಡೂ ನೈಜವೇ. ಆದರೆ ಮಾರುವವರು ಯಾವುದು ಅಂತ ಹೇಳಬೇಕು. 3/25 ಅಂತ ಬರೆದಿದ್ದರೆ ಒಟ್ಟು 25 ಪ್ರತಿ ಮಾತ್ರ ಮಾಡಿದ್ದು, ಅದರಲ್ಲಿ ಇದು ಮೂರನೆಯದು. ಬೇರೆ ಅಳತೆಯಲ್ಲಿ ಇನ್ನೊಂದು 25 ಇದೆಯಾ ಅಂತಲೂ ಕೇಳಿ.

1970ರ ದಶಕದ ಪ್ಲಾಸ್ಟಿಕ್ ಲೇಪದ ಕಾಗದ, ಆರ್‌ಸಿ ಅನ್ನುತ್ತಾರಲ್ಲ, ಅದರ ಬಗ್ಗೆ ಎಚ್ಚರ. ಮೊದಮೊದಲ ಆರ್‌ಸಿ ಪ್ರಿಂಟ್‌ಗಳು ಫ್ರೇಮ್‌ನಲ್ಲಿ ಬೆಳಕಿಗೆ ಇದ್ದು ಇದ್ದು ಬಿರುಕು ಬಿಟ್ಟಿವೆ. ಈ ಕಟ್ಟಡಗಳ ಕಾಲ, ಆ ಕಾಗದದ ಕಾಲ ಎರಡೂ ಒಂದೇ ಆದ್ದರಿಂದ ಇದು ನಮಗೆ ಪದೇ ಪದೇ ಎದುರಾಗುತ್ತದೆ. ಅಂಥದ್ದು ಸಿಕ್ಕರೆ ಅಸಲನ್ನು ಪೆಟ್ಟಿಗೆಯಲ್ಲಿಡಿ, ಸ್ಕ್ಯಾನ್ ಮಾಡಿದ ಪ್ರತಿಯನ್ನು ಗೋಡೆಗೆ ಹಾಕಿ. ಅಸಲೇ ಗೋಡೆಯಲ್ಲಿ ಇರಬೇಕು ಅನ್ನುವ ಹಟ ನನಗೂ ಇತ್ತು. ಒಂದು ಪ್ರಿಂಟ್ ಕಳೆದುಕೊಂಡ ಮೇಲೆ ಬಿಟ್ಟೆ.

ಹೊಸದಾಗಿ ಮಾಡಿಸುವುದಾದರೆ ಪಿಗ್ಮೆಂಟ್ ಇಂಕ್, ನೂರಕ್ಕೆ ನೂರು ಹತ್ತಿಯ ಕಾಗದ, ಹೊಳಪಿಲ್ಲದ ಮ್ಯಾಟ್ ಮೇಲ್ಮೈ. ಹೊಳಪಿನ ಕಾಗದದಲ್ಲಿ ಕಪ್ಪು ಇನ್ನೂ ಆಳವಾಗಿ ಬರುತ್ತದೆ, ನಿಜ. ಆದರೆ ಕಾಂಕ್ರೀಟ್‌ಗೆ ನನ್ನ ಮನಸ್ಸು ಮ್ಯಾಟ್ ಕಡೆಗೇ. ಕಾಗದ ತೀರಾ ಬೆಳ್ಳಗಿದ್ದರೆ ಬಿಳುಪು ಹೆಚ್ಚಿಸುವ ರಾಸಾಯನಿಕ ಹಾಕಿದ್ದಾರಾ ಕೇಳಿ. ಅದರ ಶಕ್ತಿ ಕಾಲಕ್ರಮೇಣ ಕುಂದಿ ಕಾಗದ ಹಳದಿಗೆ ತಿರುಗುತ್ತದೆ. ಬೂದು ಚಿತ್ರದಲ್ಲಿ ಆ ಹಳದಿ ಬೇಗ ಕಣ್ಣಿಗೆ ಹೊಡೆಯುತ್ತದೆ. 16 ಇಂಚು 20 ಇಂಚಿಗೆ, ಇಂಚಿಗೆ 300 ಚುಕ್ಕಿಯ ಲೆಕ್ಕದಲ್ಲಿ 4800 ಗುಣಿಸು 6000 ಪಿಕ್ಸೆಲ್ ಬೇಕು. ಹಲಗೆಯ ಗೆರೆ ಕಾಣಬೇಕು ಅಂದರೆ ಇದರಲ್ಲಿ ರಾಜಿ ಬೇಡ.

ಹೊಸಬ:

ಮಧ್ಯೆ ಬಂದೆ, ಕ್ಷಮಿಸಿ. ನಾವೇ ಇಂಥ ಕಟ್ಟಡದ ಫೋಟೋ ತೆಗೆದು ಪ್ರಿಂಟ್ ಮಾಡಿ ಮಾರಬಹುದಾ? ವಾಸ್ತುಶಿಲ್ಪಿಯ ಅನುಮತಿ ಬೇಕಾ?

ಹಳೇಪ್ರಿಂಟ್:

ದೇಶದಿಂದ ದೇಶಕ್ಕೆ ಬೇರೆ. ಬ್ರಿಟನ್ನಿನಲ್ಲಿ 1988ರ ಹಕ್ಕುಸ್ವಾಮ್ಯ ಕಾಯ್ದೆಯ 62ನೇ ಸೆಕ್ಷನ್ ಪ್ರಕಾರ ಕಟ್ಟಡದ ಫೋಟೋ ತೆಗೆದು ಮಾರಿದರೆ ವಾಸ್ತುಶಿಲ್ಪಿಯ ಹಕ್ಕು ಮೀರಿದಂತಲ್ಲ. ಅಮೆರಿಕದಲ್ಲೂ ಸಾರ್ವಜನಿಕ ಜಾಗದಿಂದ ಕಾಣುವ ಕಟ್ಟಡಕ್ಕೆ ಹಾಗೆಯೇ. ಫ್ರಾನ್ಸಿನಲ್ಲಿ 2016ರಲ್ಲಿ ಕೊಟ್ಟ ಸಡಿಲಿಕೆ ವ್ಯಾಪಾರಕ್ಕೆ ಅನ್ವಯಿಸುವುದಿಲ್ಲ. ಬೇರೆಯವರು ತೆಗೆದ ಫೋಟೋ ಮಾತ್ರ ಎಲ್ಲೆಡೆಯೂ ಅವರದ್ದೇ. ಪ್ರಿಂಟ್ ಕೊಂಡ ಮಾತ್ರಕ್ಕೆ ನಕಲು ಮಾಡಿ ಮಾರುವ ಹಕ್ಕು ಬರುವುದಿಲ್ಲ.

ಗೋಡೆಮೊಳೆ:

ಫ್ರೇಮ್ ಹಾಕುವ ಕೆಲಸ ಕಲಿತವನು ನಾನು. ಬೂದುಗೋಡೆ ಅವರ ಪ್ರೆಸ್ಟನ್ ಪ್ರಿಂಟ್ ವಿಷಯ ಓದಿ ಬೇಜಾರಾಯಿತು. ಅದು ಆಗಬಾರದಿತ್ತು.

ಮೌಂಟ್ ಬೋರ್ಡ್ ಆಮ್ಲ ಇಲ್ಲದ್ದು, ಸಾಧ್ಯವಾದರೆ ಹತ್ತಿಯದ್ದು. ಪ್ರಿಂಟ್‌ನ ಹಿಂದೆ ಪೂರ್ತಿ ಅಂಟು ಹಚ್ಚಬೇಡಿ, ಟೇಪ್ ಅಂತೂ ಬೇಡವೇ ಬೇಡ. ಮೇಲಿನ ಅಂಚಿನಲ್ಲಿ ಎರಡು ಕಡೆ ಜಪಾನಿ ಕಾಗದದ ಚಿಕ್ಕ ಪಟ್ಟಿ, ಗೋಧಿ ಗಂಜಿಯ ಅಂಟು. ಪ್ರಿಂಟ್ ತೂಗಿಕೊಂಡಿರಬೇಕು. ಆಗ ತೇವಕ್ಕೆ ಹಿಗ್ಗಲು ಕುಗ್ಗಲು ಜಾಗ ಸಿಗುತ್ತದೆ. ಸುತ್ತಲೂ ಬಿಗಿದರೆ ಅಲೆ ಅಲೆಯಾಗಿ ಏಳುತ್ತದೆ. ಇಂಥ ನೇರ ಗೆರೆಯ ಕಟ್ಟಡದ ಚಿತ್ರದಲ್ಲಿ ಸಣ್ಣ ಅಲೆ ಎದ್ದರೂ ಕಂಬ ಬಗ್ಗಿದ ಹಾಗೆ ಕಾಣುತ್ತದೆ.

ಗಾಜು. ಮಾಮೂಲಿ ಗಾಜಿನಲ್ಲಿ ಎದುರಿನ ಕಿಟಕಿಯೇ ಕಾಣುತ್ತದೆ. ಗಾಢ ಚಿತ್ರದಲ್ಲಿ ಇದು ಇನ್ನೂ ಜಾಸ್ತಿ. ಪ್ರತಿಫಲನ ತಡೆಯುವ, ನೇರಳಾತೀತ ಕಿರಣ ಸೋಸುವ ಗಾಜು ಸಿಕ್ಕರೆ ಅದನ್ನೇ ಹಾಕಿಸಿ. ಮಂಜಿನ ಹಾಗೆ ಮಾಡಿದ ಗಾಜು ಮಾತ್ರ ಬೇಡ. ಅದು ಪ್ರಿಂಟ್‌ನಿಂದ ಸ್ವಲ್ಪ ದೂರ ಇದ್ದರೂ ಸಣ್ಣ ಗೆರೆಗಳು ಮಸುಕಾಗುತ್ತವೆ. ನೀವು ಇಷ್ಟು ಕಷ್ಟಪಟ್ಟು ಉಳಿಸಿದ ಹಲಗೆಯ ಗುರುತು ಅಲ್ಲಿ ಹೋಗುತ್ತದೆ. ದೊಡ್ಡ ಅಳತೆಗೆ ಗಾಜಿನ ಬದಲು ಅಕ್ರಿಲಿಕ್ (ಪಾರದರ್ಶಕ ಪ್ಲಾಸ್ಟಿಕ್ ಹಾಳೆ) ಹಗುರ, ಬಿದ್ದರೆ ಚೂರಾಗುವುದಿಲ್ಲ. ಆದರೆ ಬೇಗ ಗೀರು ಬೀಳುತ್ತದೆ, ಧೂಳು ಎಳೆದುಕೊಳ್ಳುತ್ತದೆ.

ಫ್ರೇಮ್ ಬಗ್ಗೆ ನನ್ನ ಮಾತು ಕೇಳಿ: ತೆಳ್ಳನೆಯ ಮರ, ಗಾಢ ಕಂದು ಅಥವಾ ಕಪ್ಪು. ಕಾಂಕ್ರೀಟ್ ಚಿತ್ರಕ್ಕೆ ಕಾಂಕ್ರೀಟ್ ಥರದ ಬೂದು ಫ್ರೇಮ್ ಕೇಳುವವರಿದ್ದಾರೆ. ಹಾಗೆ ಮಾಡಿದರೆ ಚಿತ್ರದೊಳಗಿನ ಬೂದು ಸತ್ತ ಹಾಗೆ ಕಾಣುತ್ತದೆ. ಮರದ ಪಕ್ಕದಲ್ಲಿ ಇಟ್ಟಾಗ ಅದಕ್ಕೆ ಜೀವ ಬರುತ್ತದೆ. ಈ ಕಟ್ಟಡಗಳ ಒಳಗೂ ಕಾಂಕ್ರೀಟ್ ಪಕ್ಕ ಕೈಯಲ್ಲಿ ಹಿಡಿದುಕೊಳ್ಳುವ ಮರದ ಕಂಬಿ ಇಟ್ಟಿರುತ್ತಾರಲ್ಲ, ಅದೇ ಲೆಕ್ಕ. ಮೌಂಟ್ ಬೆಚ್ಚನೆಯ ಬಿಳಿ ಇರಲಿ.

ತೂಗುಹಾಕುವಾಗ ಹೊರಗಿನ ತೇವದ ಗೋಡೆ ಬೇಡ. ನೇರ ಬಿಸಿಲು ಬೇಡ. ಹಿಂದೆ ಕೆಳಗಿನ ಎರಡು ಮೂಲೆಗೆ ರಬ್ಬರ್ ಬಿಲ್ಲೆ ಅಂಟಿಸಿ, ಗಾಳಿ ಆಡಲಿ. ಎರಡು ಮೊಳೆ ಹೊಡೆಯಿರಿ, ಒಂದೇ ಮೊಳೆಯಾದರೆ ಫ್ರೇಮ್ ವಾಲುತ್ತದೆ. ಮೂರು ಚಿತ್ರಗಳ ನಡುವೆ ನಾಲ್ಕು ಬೆರಳು ಅಂತರ ಸಾಕು.

ಬೂದುಗೋಡೆ:

ಎರಡು ತಿಂಗಳಾಯಿತು, ಈಗ ಬರೆಯುತ್ತಿದ್ದೇನೆ. ತಡವಾದದ್ದಕ್ಕೆ ಕ್ಷಮಿಸಿ.

ಪ್ರೆಸ್ಟನ್ ಪ್ರಿಂಟ್ ಇಂಕ್‌ಜೆಟ್ ಅಂತ ಗೊತ್ತಾಯಿತು. ಹಾಗಾಗಿ ಅದು ಗಾಜಿನ ಜೊತೆಗೇ ಇರುತ್ತದೆ. ಅದರ ಬದಲು ಬೇರೆ ಚಿತ್ರ ಹುಡುಕಿದೆ. ಬಾಗಿದ ಅಂಚು ಮೇಲೆ ಸ್ವಲ್ಪವೇ ಕಾಣುತ್ತದೆ. ಕೆಳಗೆ ಬಸ್ಸಿಗೆ ಕಾಯುವವರ ಸಾಲು. ಒಬ್ಬ ಹೆಂಗಸು ಚೀಲವನ್ನು ಎರಡು ಕಾಲಿನ ನಡುವೆ ಇಟ್ಟುಕೊಂಡು ನಿಂತಿದ್ದಾಳೆ. ಓದುಗಿ ಮೇಡಂ ಹೇಳಿರದಿದ್ದರೆ ಆ ಚಿತ್ರವನ್ನು ನಾನು ನೋಡದೆ ದಾಟಿಬಿಡುತ್ತಿದ್ದೆ.

ಲೈಬ್ರರಿಯ ಫೋಟೋ ತೆಗೆದವರಿಗೇ ಪತ್ರ ಬರೆದೆ. ಆಕಾಶ ಕಪ್ಪು ಮಾಡದ ಪ್ರಿಂಟ್ ಕೊಡುತ್ತೀರಾ ಅಂತ ಕೇಳಿದೆ. ಅವರು ಬೇಸರ ಮಾಡಿಕೊಳ್ಳಲಿಲ್ಲ. ಮ್ಯಾಟ್ ಕಾಗದದಲ್ಲಿ ಮೆದುವಾಗಿ ಹೊಸ ಪ್ರಿಂಟ್ ಮಾಡಿ ಕಳಿಸಿದರು. ಎರಡನ್ನೂ ಪಕ್ಕದಲ್ಲಿಟ್ಟು ನೋಡಿದೆ. ಹೊಸದರಲ್ಲಿ ಆಕಾಶ ತಿಳಿ ಬೂದು. ಅಂತಸ್ತಿನ ಅಡಿಯಲ್ಲಿ ಮಳೆ ನೀರು ಇಳಿದ ಉದ್ದನೆಯ ಕಲೆಗಳು. ಮೊದಲಿನದರಲ್ಲಿ ಕಪ್ಪು ಪಟ್ಟಿಯಾಗಿದ್ದ ಕಿಟಕಿಗಳಲ್ಲಿ ಈಗ ಒಳಗಿನ ದೀಪಗಳು ಕಾಣುತ್ತಿವೆ. ಸಾಲು ಸಾಲು ಟ್ಯೂಬ್‌ಲೈಟ್. ಮೇಲಿನಿಂದ ಎರಡನೇ ಸಾಲಿನ ಕಿಟಕಿಯಲ್ಲಿ, ಎಡ ಮೂಲೆಗೆ ಹತ್ತಿರ, ಯಾರೋ ಒಬ್ಬರು ಕೂತಿರುವ ಹಾಗಿದೆ. ಭೂತಗನ್ನಡಿ ಹಿಡಿದರೆ ತಲೆ ಬಗ್ಗಿಸಿರುವುದು ಗೊತ್ತಾಗುತ್ತದೆ.

ಮೂರಕ್ಕೂ ಕಂದು ಮರದ ಫ್ರೇಮ್. ಪ್ರತಿಯೊಂದರ ಹಿಂದೆ ಕಟ್ಟಡದ ಹೆಸರು, ಕಟ್ಟಿದವರು, ವರ್ಷ ಬರೆದ ಚೀಟಿ ಇಟ್ಟಿದ್ದೇನೆ. ಲೈಬ್ರರಿಯ ಚೀಟಿಯಲ್ಲಿ ಕೆಡವಿದ ವರ್ಷವೂ ಇದೆ.

ಓದುಗಿ:

ಆ ಕಿಟಕಿಯ ಭಾಗವನ್ನು ಮಾತ್ರ ಹತ್ತಿರದಿಂದ ಒಂದು ಫೋಟೋ ತೆಗೆದು ಇಲ್ಲಿ ಹಾಕುತ್ತೀರಾ? ಆ ಕಡೆ ಮೇಜುಗಳು ಕಿಟಕಿಗೆ ಅಡ್ಡಲಾಗಿ ಇದ್ದವು. ನೋಡಬೇಕು.

ಬೂದುಗೋಡೆ:

ನಾಳೆ ಬೆಳಿಗ್ಗೆ ಬೆಳಕು ಬಂದ ಕೂಡಲೇ ಹಾಕುತ್ತೇನೆ, ಮೇಡಂ.